ಒಂದು ಗಿಟಾರ್, ಒಂದು ಕಂಠ: ವೇದಿಕೆಯಲ್ಲಿ ಸದ್ದು ಕೆಡುವುದೆಲ್ಲಿ, ಸರಿಪಡಿಸುವುದು ಹೇಗೆ?

ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್, ಕಾಲೇಜಿನ ಸಭಾಂಗಣ, ಕಲ್ಯಾಣ ಮಂಟಪ, ಕೆಫೆ ಎನ್ನದೆ ಎಲ್ಲ ಕಡೆಯೂ ಒಬ್ಬರೇ ಗಿಟಾರ್ ಹಿಡಿದು ಭಾವಗೀತೆಯನ್ನೋ ಸಿನಿಮಾ ಹಾಡನ್ನೋ ಹಾಡುವುದು ಈಗ ಸಾಮಾನ್ಯ. ಮನೆಯಲ್ಲಿ ಇಂಪಾಗಿದ್ದ ಗಿಟಾರ್ ಮೈಕ್ ಸೆಟ್‌ಗೆ ಸಿಕ್ಕಿಸಿದೊಡನೆ ಕೀರಲಾಗುತ್ತದೆ. ಹಾಡಿನ ಮಾತು ಹಿಂದಿನ ಸಾಲಿಗೆ ಗೊಣಗಾಟವಾಗಿ ತಲುಪುತ್ತದೆ. ಚರಣಕ್ಕೆ ಬರುವ ಹೊತ್ತಿಗೆ ಸ್ಪೀಕರ್ ಕುಯ್ಯೆಂದು ಕೂಗುತ್ತದೆ. ಆಗ ಎಲ್ಲರ ಕೈ ಹೋಗುವುದು ಮಿಕ್ಸರಿನ ಟ್ರೆಬಲ್, ಬೇಸ್ ಗುಂಡಿಗಳ ಕಡೆಗೆ. ಆದರೆ ತಂತಿಯಿಂದ ಕೇಳುಗರ ಕಿವಿಯವರೆಗಿನ ದಾರಿಯಲ್ಲಿ ಆ ಗುಂಡಿಗಳು ಬರುವುದು ಬಹಳ ತಡವಾಗಿ. ಪಿಕಪ್, ಕೇಬಲ್, ಮೈಕಿನ ದೂರ, ಸ್ಪೀಕರಿನ ಜಾಗ ಇವು ಮೊದಲು ಸರಿಯಾದರೆ ಗುಂಡಿಗಳಿಗೆ ಉಳಿಯುವ ಕೆಲಸ ಸ್ವಲ್ಪವೇ. ಇವು ತಪ್ಪಿದ್ದರೆ ಯಾವ ಗುಂಡಿಯೂ ಪೂರ್ತಿ ಸರಿಪಡಿಸಲಾರದು. ಹಾಗಾಗಿ ಈ ಲೇಖನ ಸದ್ದು ಸಾಗುವ ಕ್ರಮದಲ್ಲೇ ಸಾಗುತ್ತದೆ.

ಪಿಕಪ್ ಏನನ್ನು ಕೇಳಿಸಿಕೊಳ್ಳುತ್ತದೆ?

ಅಕೂಸ್ಟಿಕ್ ಗಿಟಾರಿನ ಸದ್ದು ನಮಗೆ ಕೇಳುವುದು ಸ್ವಲ್ಪ ದೂರದಿಂದ. ಮೇಲಿನ ಹಲಗೆ, ಹಿಂದಿನ ಹಲಗೆ, ಒಳಗಿನ ಗಾಳಿ ಎಲ್ಲವೂ ಕಂಪಿಸಿ, ಕೋಣೆಯಲ್ಲಿ ಬೆರೆತು ಕಿವಿಗೆ ಬರುತ್ತವೆ. ಈ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಭಾಗವೇ ಪಿಕಪ್. ಅಂಗಡಿಗಳಲ್ಲಿ ‘ಸೆಮಿ-ಅಕೂಸ್ಟಿಕ್’ ಅಥವಾ ‘ಎಲೆಕ್ಟ್ರೋ-ಅಕೂಸ್ಟಿಕ್’ ಎಂದು ಮಾರುವ ಬಹುತೇಕ ಗಿಟಾರುಗಳಲ್ಲಿ ಇರುವುದು ಪಿಯೆಜೊ ಪಿಕಪ್. ಬ್ರಿಡ್ಜ್ ಮೇಲೆ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಗೆ ಸ್ಯಾಡಲ್ ಎನ್ನುತ್ತಾರೆ. ಅದರ ಅಡಿಯಲ್ಲಿ ತೆಳುವಾದ ಪಟ್ಟಿಯಾಗಿ ಇದು ಅಡಗಿರುತ್ತದೆ. ಒತ್ತಿದಾಗ ವೋಲ್ಟೇಜ್ ಹುಟ್ಟಿಸುವುದು ಪಿಯೆಜೊ ವಸ್ತುವಿನ ಗುಣ.

ಅಂದರೆ ಅದು ದಾಖಲಿಸುವುದು ಮುಖ್ಯವಾಗಿ ಸ್ಯಾಡಲ್ ಮೇಲೆ ತಂತಿ ಹಾಕುವ ಒತ್ತಡವನ್ನು. ಗಾಳಿಯಲ್ಲಿ ಹರಡಿ ಮೃದುವಾಗುವ ಸದ್ದು ಅದಕ್ಕೆ ತಿಳಿಯದು. ಪಿಕ್ ತಾಗಿದ ಕ್ಷಣದ ಏಟು ಅತಿಯಾಗಿಯೂ ಮರದ ತುಂಬು ನಾದ ಕಡಿಮೆಯಾಗಿಯೂ ಬರುವುದು ಇದರಿಂದಲೇ. ವೀಣೆಗೆ, ಪಿಟೀಲಿಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕುಗಳಲ್ಲಿ ಬಹಳಷ್ಟು ಇದೇ ತತ್ವದವು. ಮುಂದೆ ಇಂಪಿಡೆನ್ಸ್ ಬಗ್ಗೆ ಹೇಳುವುದು ಅವಕ್ಕೂ ಅನ್ವಯಿಸುತ್ತದೆ.

ಇನ್ನೆರಡು ಆಯ್ಕೆಗಳಿವೆ. ಗಿಟಾರಿನ ಬಾಯಿಗೆ ಅಡ್ಡಲಾಗಿ ಕೂರಿಸುವ ಮ್ಯಾಗ್ನೆಟಿಕ್ ಪಿಕಪ್ ಬೆಚ್ಚಗೆ ಕೇಳಿಸುತ್ತದೆ, ಬೇಗ ಕೂಗುವುದಿಲ್ಲ, ಆದರೆ ಎಲೆಕ್ಟ್ರಿಕ್ ಗಿಟಾರಿನ ಛಾಯೆ ಬರುತ್ತದೆ. ಎರಡನೆಯದು, ಮುಂದೆ ಕಂಡೆನ್ಸರ್ ಮೈಕ್ ಇಡುವುದು. ಮೂವತ್ತು ನಲವತ್ತು ಜನರ ಬೈಠಕ್‌ನಲ್ಲಿ ಇದಕ್ಕಿಂತ ಸಹಜವಾದ ಸದ್ದು ಇಲ್ಲ. ಮೈಕನ್ನು 20ರಿಂದ 30 ಸೆಂ.ಮೀ. ದೂರದಲ್ಲಿ, 12ನೇ ಫ್ರೆಟ್ (ಗಿಟಾರಿನ ಕೊರಳಿನ ಲೋಹದ ಅಡ್ಡಪಟ್ಟಿ) ಕಡೆಗೆ ತಿರುಗಿಸಿ ಇಡಬೇಕು. ನೇರ ಬಾಯಿಗೇ ಹಿಡಿದರೆ ಒಳಗಿನ ಗಾಳಿಯ ಗುಮ್ಮೆನ್ನುವ ಸದ್ದೇ ತುಂಬಿಕೊಳ್ಳುತ್ತದೆ. ನೂರು ಜನ ಮಾತಾಡುತ್ತ ಕೂತ ಕಡೆ ಈ ಮೈಕನ್ನು ಏರಿಸಲು ಹೋದರೆ ಕೂಗುತ್ತದೆ, ಅಲ್ಲಿ ಪಿಕಪ್ಪೇ ಗತಿ.

ಇಂಪಿಡೆನ್ಸ್: ಹೆಚ್ಚಿನವರು ಎಡವುವ ಜಾಗ

ಗಿಟಾರ್ ಕೀರಲಾಗಿ ಕೇಳಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದು. ಪಿಯೆಜೊ ಬಹಳ ದುರ್ಬಲ ಮೂಲ. ಸಣ್ಣ ಒರತೆಯ ಬಾವಿಯಿಂದ ತಂಬಿಗೆಯಲ್ಲಿ ಮೊಗೆದರೆ ನೀರು ನಿಂತೇ ಇರುತ್ತದೆ, ಪಂಪ್‌ಸೆಟ್ ಹಚ್ಚಿದರೆ ತಳ ಕಾಣುತ್ತದೆ. ಒಂದು ಇನ್‌ಪುಟ್ ತನಗೆ ಬರುವ ಮೂಲದಿಂದ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ತೋರಿಸುವ ಅಳತೆಯೇ ಇನ್‌ಪುಟ್ ಇಂಪಿಡೆನ್ಸ್. ಇದನ್ನು ಓಮ್‌ಗಳಲ್ಲಿ ಹೇಳುತ್ತಾರೆ. ಅಂಕಿ ದೊಡ್ಡದಾದಷ್ಟೂ ಎಳೆತ ಕಡಿಮೆ.

ಮಿಕ್ಸರಿನ ಮೈಕ್ ಇನ್‌ಪುಟ್ ಸಾಮಾನ್ಯವಾಗಿ 1.5ರಿಂದ 3 ಕಿಲೋಓಮ್, ಲೈನ್ ಇನ್‌ಪುಟ್ 10ರಿಂದ 20 ಕಿಲೋಓಮ್. ಪಿಯೆಜೊಗೆ ಬೇಕಾದದ್ದು ಕನಿಷ್ಠ 1 ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್. ಕಡಿಮೆಯಾದರೆ ಸದ್ದು ತಗ್ಗುವುದಷ್ಟೇ ಅಲ್ಲ, ಮೊದಲು ಮಾಯವಾಗುವುದು ಬೇಸ್. ಪಿಯೆಜೊ ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ನಂತೆ ವರ್ತಿಸುವುದರಿಂದ ಅದೂ ಇನ್‌ಪುಟ್ಟೂ ಸೇರಿ ಕೆಳಗಿನ ಸ್ವರಗಳನ್ನು ಕತ್ತರಿಸುವ ಫಿಲ್ಟರ್ ಆಗಿಬಿಡುತ್ತವೆ. ಒಟ್ಟು ಕೆಪಾಸಿಟೆನ್ಸ್ 1 ನ್ಯಾನೊಫ್ಯಾರಡ್ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, 10 ಮೆಗಾಓಮ್ ಇನ್‌ಪುಟ್‌ನಲ್ಲಿ ಕತ್ತರಿ ಬೀಳುವುದು ಸುಮಾರು 16 ಹರ್ಟ್ಜ್‌ನ (ಸೆಕೆಂಡಿಗೆ 16 ಕಂಪನ) ಕೆಳಗೆ, 1 ಮೆಗಾಓಮ್‌ನಲ್ಲಿ ಸುಮಾರು 160 ಹರ್ಟ್ಜ್‌ನ ಕೆಳಗೆ, 10 ಕಿಲೋಓಮ್‌ನಲ್ಲಿ ಸುಮಾರು 16,000 ಹರ್ಟ್ಜ್‌ನ ಕೆಳಗೆ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಜ್. ಪಿಯೆಜೊವನ್ನು ನೇರ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿ ಬೇಸ್ ಏರಿಸಿದರೂ ಏನೂ ಬಾರದಿರುವುದು ಯಾಕೆಂದು ಈ ಲೆಕ್ಕವೇ ಹೇಳುತ್ತದೆ.

ನಿಮ್ಮ ಗಿಟಾರಿನ ಪಕ್ಕದಲ್ಲಿ ವಾಲ್ಯೂಮ್, ಬೇಸ್, ಟ್ರೆಬಲ್ ಗುಂಡಿಗಳೂ 9 ವೋಲ್ಟ್ ಬ್ಯಾಟರಿಯ ಗೂಡೂ ಇದ್ದರೆ ಒಳಗೇ ಪ್ರೀಆಂಪ್ ಇದೆ ಎಂದರ್ಥ. ಪಿಯೆಜೊಗೆ ಬೇಕಾದ ದೊಡ್ಡ ಇಂಪಿಡೆನ್ಸನ್ನು ಅದೇ ಕೊಟ್ಟು, ಹೊರಗೆ ಗಟ್ಟಿಯಾದ ಸಂಕೇತ ಕಳಿಸುತ್ತದೆ. ಬ್ಯಾಟರಿ ಇಲ್ಲದ ಪಿಯೆಜೊ ಆದರೆ 1ರಿಂದ 10 ಮೆಗಾಓಮ್ ಇನ್‌ಪುಟ್ ಇರುವ ಹೊರಗಿನ ಪ್ರೀಆಂಪ್ ಬೇಕೇ ಬೇಕು. ಮಿಕ್ಸರಿನಲ್ಲಿ ‘ಹೈ-ಝಡ್’ ಎಂಬ ಸ್ವಿಚ್ ಇದ್ದರೆ ಅದು ಸಾಮಾನ್ಯವಾಗಿ 1 ಮೆಗಾಓಮ್, ಅಲ್ಲಿಗೆ ಕೆಲಸ ನಡೆಯುತ್ತದೆ.

ಬ್ಯಾಟರಿ ಬಗ್ಗೆ ಒಂದು ಮಾತು. ಬಹಳಷ್ಟು ಗಿಟಾರುಗಳಲ್ಲಿ ಕೇಬಲ್ ಸಿಕ್ಕಿಸಿದೊಡನೆ ಪ್ರೀಆಂಪ್ ಚಾಲೂ ಆಗುತ್ತದೆ. ರಿಹರ್ಸಲ್ ಮುಗಿಸಿ ಕೇಬಲ್ ಹಾಗೇ ಬಿಟ್ಟರೆ ಕಾರ್ಯಕ್ರಮದ ಹೊತ್ತಿಗೆ ಬ್ಯಾಟರಿ ಸೊರಗಿರುತ್ತದೆ. ಸೊರಗಿದ ಬ್ಯಾಟರಿ ಜೋರಾಗಿ ಬಾರಿಸಿದಾಗ ಮಾತ್ರ ಸದ್ದನ್ನು ಒಡೆಯುತ್ತದೆ, ಅದನ್ನು ಸ್ಪೀಕರಿನ ದೋಷ ಎಂದುಕೊಳ್ಳುವವರು ಬಹಳ.

ಡಿಐ ಬಾಕ್ಸ್ ಯಾಕೆ?

ಗಿಟಾರಿನ ಸಾಮಾನ್ಯ ಕೇಬಲ್ ಅನ್‌ಬ್ಯಾಲೆನ್ಸ್ಡ್. ಒಂದು ತಂತಿಯಲ್ಲಿ ಸದ್ದು, ಸುತ್ತಲಿನ ಜಾಲರಿಯಲ್ಲಿ ಅರ್ಥ್. ಐದಾರು ಮೀಟರ್ ಮೀರಿದರೆ ಅದು ಸುತ್ತಲಿನ ಕರೆಂಟಿನ ಗುಂಯ್‌ಗುಡುವಿಕೆಯನ್ನು ಹಿಡಿದುಕೊಳ್ಳುತ್ತದೆ. ಮೈಕಿಗೆ ಬಳಸುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬ್ಯಾಲೆನ್ಸ್ಡ್. ಅದರ ಎರಡು ತಂತಿಗಳಲ್ಲೂ ಸಮವಾಗಿ ಸೇರಿಕೊಂಡ ಗಲಾಟೆಯನ್ನು ಮಿಕ್ಸರ್ ಕಳೆದುಹಾಕುತ್ತದೆ. ಮೂವತ್ತು ಮೀಟರ್ ಎಳೆದರೂ ತೊಂದರೆ ಇಲ್ಲ. ಮೊದಲನೆಯದನ್ನು ಎರಡನೆಯದಾಗಿ ಬದಲಿಸುವ ಸಣ್ಣ ಪೆಟ್ಟಿಗೆಯೇ ಡಿಐ ಬಾಕ್ಸ್.

ಇದರಲ್ಲಿ ಎರಡು ಬಗೆ. ಪ್ಯಾಸಿವ್ ಡಿಐ ಒಳಗೆ ಇರುವುದು ಟ್ರಾನ್ಸ್‌ಫಾರ್ಮರ್. ಅದರ ಇನ್‌ಪುಟ್ ಸುಮಾರು 100ರಿಂದ 150 ಕಿಲೋಓಮ್. ಒಳಗೇ ಪ್ರೀಆಂಪ್ ಇರುವ ಗಿಟಾರಿಗೆ ಇದು ಸಾಕು, ಬರೀ ಪಿಯೆಜೊಗೆ ಸಾಲದು. ಆ್ಯಕ್ಟಿವ್ ಡಿಐನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್ ಆಸುಪಾಸು. ಅದಕ್ಕೆ ಬ್ಯಾಟರಿ ಅಥವಾ ಮಿಕ್ಸರ್ ಮೈಕ್ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್, ಅಂದರೆ ಫ್ಯಾಂಟಮ್ ಪವರ್ ಬೇಕು. ಫ್ಯಾಂಟಮ್ ಚಾಲೂ ಇರುವಾಗ ಕೇಬಲ್ ಕಿತ್ತು ಹಾಕಿದರೆ ಸ್ಪೀಕರಿನಲ್ಲಿ ದಢಾರ್ ಎನ್ನುತ್ತದೆ, ಮೊದಲು ಆ ಚಾನಲ್ ಮ್ಯೂಟ್ ಮಾಡಿ.

ಮೈಕ್ ಸೆಟ್‌ನವರಿಗೆ ಮುಂಚಿನ ದಿನವೇ ಫೋನ್ ಮಾಡಿ, ‘ಅಣ್ಣಾ, ಗಿಟಾರಿಗೆ ಡಿಐ ಇದೆಯಾ? ಹಾಡೋವ್ರ ಮುಂದೆ ಒಂದು ಮಾನಿಟರ್ ಸಿಗುತ್ತಾ? ಬೂಮ್ ಇರೋ ಮೈಕ್ ಸ್ಟ್ಯಾಂಡ್ ಇದೆಯಾ?’ ಎಂದು ಕೇಳಿಬಿಟ್ಟರೆ ಅರ್ಧ ತಲೆನೋವು ಕಡಿಮೆ. ಬೂಮ್ ಎಂದರೆ ಸ್ಟ್ಯಾಂಡಿನ ಅಡ್ಡ ತೋಳು. ನೇರ ಸ್ಟ್ಯಾಂಡ್ ಆದರೆ ಅದರ ಕಂಬ ಗಿಟಾರಿಗೆ ಅಡ್ಡ ಬರುತ್ತದೆ, ಹಾಡುವವರು ಮೈಕಿನಿಂದ ಹಿಂದೆ ಸರಿಯಬೇಕಾಗುತ್ತದೆ. ಕೆಳಗಿನ ಭಾಗ ಓದಿದರೆ ಅದು ಎಷ್ಟು ದುಬಾರಿ ಎಂದು ತಿಳಿಯುತ್ತದೆ.

ಹಾಡುವ ಮೈಕು ಮತ್ತು ತುಟಿಯ ದೂರ

ವೇದಿಕೆಗೆ ಡೈನಮಿಕ್ ಮೈಕ್ ಸೂಕ್ತ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇಂದಿಗೂ ಎಲ್ಲೆಡೆ ಕಾಣುವುದು ಗಟ್ಟಿತನಕ್ಕೆ, ಮತ್ತು ಹಿಂದಿನಿಂದ ಬರುವ ಸದ್ದನ್ನು ಬಹುಪಾಲು ಕಡೆಗಣಿಸುವ ಕಾರ್ಡಿಯಾಯ್ಡ್ ಗುಣಕ್ಕೆ.

ತುಟಿಯಿಂದ ಮೈಕಿನ ದೂರ ಎರಡು ಪಟ್ಟಾದಾಗ ಮೈಕಿಗೆ ಸಿಗುವ ದನಿ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. 5 ಸೆಂ.ಮೀ. ಇದ್ದದ್ದು 10 ಆದರೆ 6 ಡೆಸಿಬೆಲ್, 20 ಆದರೆ 12 ಡೆಸಿಬೆಲ್ ನಷ್ಟ. ಅದನ್ನು ತುಂಬಲು ಗೇನ್, ಅಂದರೆ ಮಿಕ್ಸರ್ ಮೈಕಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, 12 ಡೆಸಿಬೆಲ್ ಏರಿಸಿದರೆ ಸ್ಪೀಕರಿನ ಸದ್ದು, ಗಿಟಾರಿನ ಸದ್ದು, ಕೋಣೆಯ ಗದ್ದಲ ಎಲ್ಲವೂ ಮೈಕಿನಲ್ಲಿ 12 ಡೆಸಿಬೆಲ್ ಏರುತ್ತವೆ. ಕೂಗಾಟ ಶುರುವಾಗುವುದು ಹೀಗೆ. ಮೂರರಿಂದ ಐದು ಸೆಂ.ಮೀ. ದೂರದಲ್ಲಿ, ಅಂದರೆ ಎರಡು ಮೂರು ಬೆರಳು ಹಿಡಿಯುವಷ್ಟು ಜಾಗದಲ್ಲಿ ಹಾಡುವುದು ಒಳ್ಳೆಯ ಅಭ್ಯಾಸ. ತಾರಸ್ಥಾಯಿಗೆ ಏರುವಾಗ ಮಾತ್ರ ತುಸು ಹಿಂದೆ.

ಹತ್ತಿರ ಬಂದಂತೆ ಬೇಸ್ ಹೆಚ್ಚುತ್ತದೆ, ಇದಕ್ಕೆ ಪ್ರಾಕ್ಸಿಮಿಟಿ ಎಫೆಕ್ಟ್ ಎನ್ನುತ್ತಾರೆ. ಪ, ಬ, ಭ ಅಕ್ಷರಗಳ ಗಾಳಿ ನೇರ ಬಡಿದರೆ ‘ಧಬ್’ ಎನ್ನುತ್ತದೆ. ಮೈಕನ್ನು ಬಾಯಿಯ ಮಟ್ಟಕ್ಕಿಂತ ತುಸು ಕೆಳಗಿನಿಂದ ಅಥವಾ ಪಕ್ಕದಿಂದ ಓರೆಯಾಗಿ ತಂದರೆ ಗಾಳಿ ತಪ್ಪುತ್ತದೆ, ದನಿ ಉಳಿಯುತ್ತದೆ.

ಕೈಯಲ್ಲಿ ಹಿಡಿದು ಹಾಡುವವರು ಮೈಕಿನ ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬಾರದು. ಹಿಂದಿನ ಸದ್ದನ್ನು ಕಡೆಗಣಿಸಲು ಮೈಕಿಗೆ ಹಿಂಬದಿಯ ಕಿಂಡಿಗಳು ತೆರೆದಿರಬೇಕು. ಮುಚ್ಚಿದರೆ ಅದು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವ ಮೈಕಾಗುತ್ತದೆ, ತಕ್ಷಣ ಕೂಗುತ್ತದೆ.

ಸ್ಪೀಕರ್ ಕೂಗುವುದೇಕೆ?

ಮೈಕಿಗೆ ಹೋದ ಸದ್ದು ಸ್ಪೀಕರಿನಿಂದ ಹೊರಬಂದು ಮತ್ತೆ ಅದೇ ಮೈಕಿಗೆ ಹೋಗುತ್ತದೆ. ಒಂದು ಸುತ್ತು ಮುಗಿಸಿ ಬಂದಾಗ ಮೊದಲಿಗಿಂತ ಕಡಿಮೆಯಾಗಿದ್ದರೆ ಅಡಗುತ್ತದೆ. ಅಷ್ಟೇ ಅಥವಾ ಹೆಚ್ಚಾಗಿದ್ದರೆ ಸುತ್ತು ಸುತ್ತಿ ಬೆಳೆಯುತ್ತದೆ. ಕೋಣೆ, ಮೈಕು, ಸ್ಪೀಕರ್ ಮೂರೂ ಸೇರಿ ಯಾವ ಸ್ವರವನ್ನು ಹೆಚ್ಚು ಎತ್ತಿಹಿಡಿಯುತ್ತವೋ ಅದೇ ಸ್ವರದಲ್ಲಿ ಕೂಗು ಬರುತ್ತದೆ. ಇದೇ ಫೀಡ್‌ಬ್ಯಾಕ್. ಆದ್ದರಿಂದ ಇದಕ್ಕೆ ಮೊದಲ ಮದ್ದು ಜಾಗ.

ಮುಖ್ಯ ಸ್ಪೀಕರುಗಳು ಮೈಕಿಗಿಂತ ಕನಿಷ್ಠ ಒಂದೂವರೆ ಮೀಟರ್ ಮುಂದೆ, ಜನರ ಕಡೆಗೆ ಮುಖ ಮಾಡಿರಲಿ. ನೂರರಿಂದ ನೂರೈವತ್ತು ಜನರ ಹಾಲ್‌ಗೆ 10 ಅಥವಾ 12 ಇಂಚಿನ ಎರಡು ಸ್ಪೀಕರ್ ಸಾಕು. ಒಂದು ಗಿಟಾರ್, ಒಂದು ದನಿಗೆ ಸಬ್‌ವೂಫರ್ ಬೇಡ. ಸ್ಟ್ಯಾಂಡ್ ಮೇಲೆ, ಹೈ ಸ್ವರ ಹೊರಡುವ ಹಾರ್ನ್ ಕೂತವರ ತಲೆಗಿಂತ ಮೇಲೆ ಬರುವಂತೆ ಇಡಿ. ನೆಲದಲ್ಲಿಟ್ಟರೆ ಮುಂದಿನ ಸಾಲಿನವರ ಮೈಯೇ ಅದನ್ನು ಹೀರಿಕೊಂಡು ಹಿಂದಿನವರಿಗೆ ಬರೀ ಗುಮ್ಮೆನ್ನುವುದು ಉಳಿಯುತ್ತದೆ. ಗೋಡೆಯ ಮೂಲೆಗೆ ತಳ್ಳಿದರೂ ಬೇಸ್ ಉಬ್ಬುತ್ತದೆ. ಕಲ್ಯಾಣ ಮಂಟಪಗಳಲ್ಲಿ ಗ್ರಾನೈಟ್ ನೆಲ, ಬರಿ ಗೋಡೆ, ಎತ್ತರದ ಸೂರು ಸೇರಿ ಮೊದಲೇ ಸದ್ದು ಅನುರಣಿಸುತ್ತಿರುತ್ತದೆ. ಅಲ್ಲಿ ಸ್ಪೀಕರುಗಳನ್ನು ಜನರತ್ತ ತುಸು ಒಳಮುಖವಾಗಿ, ಕೆಳಮುಖವಾಗಿ ತಿರುಗಿಸಿ. ಗೋಡೆಗೆ ಬೀಳುವ ಸದ್ದು ಕಡಿಮೆಯಾದಷ್ಟೂ ಮಾತು ಸ್ಪಷ್ಟ.

ಹಾಡುವವರಿಗೆ ತಮ್ಮ ಸದ್ದು ಕೇಳಿಸಲು ಇಡುವ ಓರೆ ಸ್ಪೀಕರೇ ಮಾನಿಟರ್. ಕಾರ್ಡಿಯಾಯ್ಡ್ ಮೈಕಿಗೆ ಅತಿ ಕಡಿಮೆ ಕೇಳುವುದು ನೇರ ಬೆನ್ನ ಹಿಂದಿನಿಂದ, ಆದ್ದರಿಂದ ಮಾನಿಟರ್ ಮೈಕಿನ ಬಾಲದ ನೇರಕ್ಕಿರಲಿ. ಮುಂದಿನ ಸದ್ದನ್ನು ಇನ್ನೂ ಕಿರಿದಾಗಿ ಹಿಡಿಯುವ ಸೂಪರ್‌ಕಾರ್ಡಿಯಾಯ್ಡ್ ಮೈಕಿನಲ್ಲಿ ಲೆಕ್ಕ ಬೇರೆ: ಅದರ ಕಿವುಡು ದಿಕ್ಕು ಮುಂಭಾಗದಿಂದ ಸುಮಾರು 125 ಡಿಗ್ರಿಯಲ್ಲಿದೆ, ನೇರ ಹಿಂದೆ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಮಾನಿಟರ್ ಪಕ್ಕಕ್ಕೆ ಸರಿಯಬೇಕು. ಮೈಕ್ ಬದಲಿಸಿ ಮಾನಿಟರ್ ಅಲ್ಲೇ ಬಿಟ್ಟು, ಒಳ್ಳೆಯ ಮೈಕೇ ಕೂಗುತ್ತದೆ ಎಂದು ದೂರುವುದು ಸಾಮಾನ್ಯ.

ತೆರೆದಿರುವ ಮೈಕುಗಳ ಸಂಖ್ಯೆ ಎರಡು ಪಟ್ಟಾದರೆ ಕೂಗುವ ಮೊದಲು ಸಿಗುವ ಜೋರು ಸುಮಾರು 3 ಡೆಸಿಬೆಲ್ ಕಡಿಮೆಯಾಗುತ್ತದೆ. ನಿರೂಪಕರ ಮೈಕು, ಪೋಡಿಯಂ ಮೈಕು ಎರಡನ್ನೂ ಹಾಡಿನ ಹೊತ್ತಿಗೆ ಮ್ಯೂಟ್ ಮಾಡಿಸಿ.

ಗಿಟಾರಿನದೇ ಫೀಡ್‌ಬ್ಯಾಕ್ ಬೇರೆ ಬಗೆಯದು. ಸ್ಪೀಕರಿನ ಸದ್ದಿಗೆ ಗಿಟಾರಿನ ಹಲಗೆಯೂ ಒಳಗಿನ ಗಾಳಿಯೂ ತಾವೇ ಕಂಪಿಸಿ ಗುಂ ಎಂದು ಬೆಳೆಯುತ್ತವೆ. ದೊಡ್ಡ ಒಡಲಿನ ಡ್ರೆಡ್‌ನಾಟ್ ಗಿಟಾರಿನಲ್ಲಿ ಒಳಗಾಳಿಯ ಸಹಜ ಕಂಪನ ಸುಮಾರು 100 ಹರ್ಟ್ಜ್, ಮೇಲ್ಹಲಗೆಯದ್ದು ಸುಮಾರು 200. ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ 98 ಹರ್ಟ್ಜ್, ತೆರೆದ ಮೂರನೇ ತಂತಿಯ ಜಿ 196. ಜಿ ಕಾರ್ಡ್ ಹಿಡಿದಾಗಲೆಲ್ಲ ಗುಮ್ಮೆನ್ನುವುದಕ್ಕೆ ಇದೇ ಕಾರಣ. ಪರಿಹಾರವೂ ಸುಲಭ: ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಸಾಲದಿದ್ದರೆ ಪ್ರೀಆಂಪಿನಲ್ಲಿ ಸಂಕೇತವನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ ಒತ್ತಿ ನೋಡಿ, ಅದಾದ ಮೇಲೆ ನಾಚ್ ಗುಂಡಿಯಿಂದ ಆ ಒಂದು ಸ್ವರವನ್ನಷ್ಟೇ ಕತ್ತರಿಸಿ.

ಗೇನ್ ಮತ್ತು ಫೇಡರ್

ಇವೆರಡನ್ನೂ ‘ವಾಲ್ಯೂಮ್’ ಎಂದುಕೊಳ್ಳುವುದರಿಂದ ಗೊಂದಲ. ಗೇನ್ ಎಂದರೆ ಒಳಬರುವ ಸಂಕೇತವನ್ನು ಮಿಕ್ಸರಿಗೆ ಬೇಕಾದ ಮಟ್ಟಕ್ಕೆ ಏರಿಸುವುದು. ಫೇಡರ್ ಎಂದರೆ ಜನರಿಗೆ ಎಷ್ಟು ಕಳಿಸಬೇಕೆಂಬುದು.

ಫೇಡರುಗಳೆಲ್ಲ ಕೆಳಗಿರಲಿ, ಈಕ್ಯು (ಬೇಸ್, ಟ್ರೆಬಲ್ ಮುಂತಾದ ಗುಂಡಿಗಳು) ನೇರವಾಗಿರಲಿ. ಮಿಕ್ಸರ್ ಮೊದಲು ಚಾಲೂ ಮಾಡಿ, ಪವರ್ಡ್ ಸ್ಪೀಕರ್ ಕೊನೆಗೆ. ಗಿಟಾರಿನ ವಾಲ್ಯೂಮ್ ಮುಕ್ಕಾಲಿಗೆ ಇಡಿ, ಗಿಟಾರಿನ ಮೇಲಿನ ಬೇಸ್-ಟ್ರೆಬಲ್ ನಡುವೆ ಇರಲಿ. ಹಾಡಿನಲ್ಲಿ ಅತಿ ಜೋರಾದ ಸಾಲನ್ನು ಪೂರ್ತಿ ದನಿಯಲ್ಲಿ ಹಾಡಿಸಿ. ಸೌಂಡ್ ಚೆಕ್‌ನಲ್ಲಿ ‘ಹಲೋ, ಒನ್, ಟೂ’ ಎಂದು ಮೆಲ್ಲಗೆ ಹೇಳಿಸಿ ಗೇನ್ ಇಟ್ಟರೆ ತಾರಸ್ಥಾಯಿಯಲ್ಲಿ ಕೆಂಪು ದೀಪ ಹತ್ತುವುದು ಖಚಿತ. ಫೇಡರಿಗೂ ಮೊದಲಿನ ಮಟ್ಟ ತೋರಿಸುವ ಪಿಎಫ್‌ಎಲ್ ಗುಂಡಿ ಒತ್ತಿ ಮೀಟರ್ ನೋಡುತ್ತ ಗೇನ್ ಏರಿಸಿ: ಡಿಜಿಟಲ್ ಮಿಕ್ಸರಿನಲ್ಲಿ ಜೋರಾದ ಕ್ಷಣಗಳು −12ರಿಂದ −6ರ ನಡುವೆ, ಅನಲಾಗ್‌ನಲ್ಲಿ 0 ಆಸುಪಾಸು. ಆಮೇಲೆ ದನಿಯ ಫೇಡರ್ ಮೊದಲು ಏರಿಸಿ, ಮಾತು ಹಿಂದಿನ ಸಾಲಿಗೆ ಸ್ಪಷ್ಟವಾದ ಮೇಲೆ ಗಿಟಾರನ್ನು ಅದರ ಕೆಳಗೆ ತನ್ನಿ. ಮೊದಲು ಗಿಟಾರ್ ಏರಿಸಿದರೆ ದನಿ ಅದನ್ನು ಹಿಂದಿಕ್ಕಲು ಹೋಗಿ ಒಟ್ಟು ಸದ್ದು ಅನಗತ್ಯವಾಗಿ ಏರುತ್ತದೆ.

ಎಲ್ಲಿ ಕೂಗುತ್ತದೆ ಎಂದು ತಿಳಿಯಲು ಮಾನಿಟರನ್ನು ಬಹಳ ನಿಧಾನವಾಗಿ ಏರಿಸಿ. ಮೊದಲ ಸಿಳ್ಳು ಬಂದೊಡನೆ ಆ ಸ್ವರವನ್ನು ಗ್ರಾಫಿಕ್ ಈಕ್ಯುನಲ್ಲಿ (ಪ್ರತಿ ಸ್ವರಪಟ್ಟಿಗೂ ಒಂದೊಂದು ಗುಂಡಿ ಇರುವುದು) 3ರಿಂದ 6 ಡೆಸಿಬೆಲ್ ಇಳಿಸಿ. ಇಂಥ ಕತ್ತರಿ ಮೂರು ನಾಲ್ಕು ಸಾಕು. ಹತ್ತು ಕಡೆ ಕತ್ತರಿಸಿದರೆ ದನಿಯೇ ಟೊಳ್ಳಾಗುತ್ತದೆ. ಕೊನೆಗೆ ಒಟ್ಟು ಮಟ್ಟವನ್ನು 3 ಡೆಸಿಬೆಲ್‌ನಷ್ಟಾದರೂ ತಗ್ಗಿಸಿ ಅಂತರ ಉಳಿಸಿಕೊಳ್ಳಿ.

ಈಕ್ಯು: ಕೂಡುವುದಕ್ಕಿಂತ ಕಳೆಯುವುದು

ದನಿಗೆ ಹೈ-ಪಾಸ್ ಫಿಲ್ಟರ್ ಹಾಕಿ. ಅದು ಹೇಳಿದ ಅಂಕಿಯ ಕೆಳಗಿನದನ್ನು ತೆಗೆಯುತ್ತದೆ: ಗಂಡು ದನಿಗೆ 100 ಹರ್ಟ್ಜ್, ಹೆಣ್ಣು ದನಿಗೆ 120ರಿಂದ 150. ಸ್ಟ್ಯಾಂಡಿನ ಅದುರು, ಗಾಳಿಯ ಬಡಿತ ಇದರಲ್ಲೇ ಹೋಗುತ್ತದೆ. ದನಿ ಮುಸುಕಾಗಿದ್ದರೆ ಟ್ರೆಬಲ್ ಏರಿಸುವ ಮೊದಲು 250ರಿಂದ 400 ಹರ್ಟ್ಜ್ ನಡುವೆ 3 ಡೆಸಿಬೆಲ್ ಇಳಿಸಿ ನೋಡಿ. ವ್ಯಂಜನಗಳ ಸ್ಪಷ್ಟತೆ ಇರುವುದು 2,000ರಿಂದ 4,000 ಹರ್ಟ್ಜ್ ನಡುವೆ. ಸ, ಶ, ಷ ಚುಚ್ಚುವಂತಿದ್ದರೆ 5,000ರಿಂದ 8,000 ನಡುವೆ ಇಳಿಸಬೇಕು. ಭಾವಗೀತೆಯಲ್ಲಿ ಮಾತೇ ಪ್ರಾಣ, ಕವಿಯ ಪದ ಕೇಳದಿದ್ದರೆ ರಾಗ ಎಷ್ಟು ಚೆಂದವಿದ್ದರೂ ಹಾಡು ತಲುಪಿದಂತಲ್ಲ. ಅದಕ್ಕೇ ಆ 2,000ರಿಂದ 4,000 ಹರ್ಟ್ಜ್ ನಡುವಿನ ಜಾಗವನ್ನು ದನಿಗೆ ಬಿಟ್ಟುಕೊಡಬೇಕು.

ಬಿಟ್ಟುಕೊಡಬೇಕಾದದ್ದು ಗಿಟಾರ್. ಪಿಯೆಜೊದ ಕೊರೆಯುವ ಏಟು ಹೆಚ್ಚಾಗಿ ಇರುವುದು 1,500ರಿಂದ 3,000 ಹರ್ಟ್ಜ್‌ನಲ್ಲೇ. ಗಿಟಾರ್ ಚಾನಲ್‌ನಲ್ಲಿ ಅಲ್ಲಿ 3ರಿಂದ 4 ಡೆಸಿಬೆಲ್ ಇಳಿಸಿದರೆ ಗಿಟಾರೂ ಮೃದುವಾಗುತ್ತದೆ, ದನಿಗೂ ಜಾಗ ಸಿಗುತ್ತದೆ. ಹೈ-ಪಾಸ್ 80 ಹರ್ಟ್ಜ್. ಗಿಟಾರಿನ ಮೇಲೆ ಬೇಸ್, ಟ್ರೆಬಲ್ ಎರಡನ್ನೂ ಪೂರ್ತಿ ಏರಿಸಿಟ್ಟುಕೊಳ್ಳುವ ರೂಢಿ ಬಿಡಬೇಕು. ಮನೆಯಲ್ಲಿ ಅದು ತುಂಬಿದಂತೆ ಕೇಳಿಸಿದರೂ ಹಾಲ್‌ನಲ್ಲಿ ಗುಮ್ಮೆನ್ನುತ್ತದೆ, ಚುಚ್ಚುತ್ತದೆ.

ಕಂಪ್ರೆಸರ್ ಜೋರಾದ ಭಾಗವನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುತ್ತದೆ. ದನಿಗೆ 3:1 ಅನುಪಾತದಲ್ಲಿ (ಮಿತಿ ಮೀರಿದ 3 ಡೆಸಿಬೆಲ್ 1 ಆಗುವಂತೆ), ಜೋರಾದಾಗ 3ರಿಂದ 6 ಡೆಸಿಬೆಲ್ ತಗ್ಗುವಷ್ಟು ಸಾಕು. ತಗ್ಗಿದ್ದನ್ನು ತುಂಬಲು ಮೇಕಪ್ ಗೇನ್ ಏರಿಸಿದರೆ ಮೆಲ್ಲನೆಯ ಭಾಗಗಳಲ್ಲಿ ಫೀಡ್‌ಬ್ಯಾಕ್ ಹತ್ತಿರ ಬರುತ್ತದೆ.

ಎಕೋ ಎಷ್ಟು?

ನಮ್ಮ ಮೈಕ್ ಸೆಟ್‌ಗಳಲ್ಲಿ ಎಕೋ ಧಾರಾಳ. ಗೋಡೆಗಳೇ ಅನುರಣಿಸುವ ಹಾಲ್‌ನಲ್ಲಿ ಅದು ಮಾತನ್ನು ನುಂಗುತ್ತದೆ. ಪುನರಾವರ್ತನೆಯಾಗುವ ಎಕೋ ಬದಲು ಒಂದೂವರೆ ಸೆಕೆಂಡಿನ ಪ್ಲೇಟ್ ರಿವರ್ಬ್ (ಅನುರಣನದಂತೆ ನಯವಾಗಿ ಅಡಗುವ ಬಗೆ) ಕೇಳಿ, ದನಿಗೂ ರಿವರ್ಬಿಗೂ ನಡುವಿನ ಬಿಡುವಾದ ಪ್ರೀ-ಡಿಲೇ 20ರಿಂದ 40 ಮಿಲಿಸೆಕೆಂಡ್ ಇರಲಿ. ಹಾಡುವಾಗ ರಿವರ್ಬ್ ಇದೆ ಎಂದು ಗಮನಕ್ಕೆ ಬಾರದೆ, ತೆಗೆದಾಗ ಮಾತ್ರ ಏನೋ ಬರಿದಾಯಿತು ಅನ್ನಿಸಿದರೆ ಪ್ರಮಾಣ ಸರಿ. ಮಾತಾಡುವಾಗ ಅದನ್ನು ಮ್ಯೂಟ್ ಮಾಡಿಸಿ. ಮಾನಿಟರಿಗೆ ಕಳಿಸಬೇಡಿ.

ಖಾಲಿ ಹಾಲ್‌ನಲ್ಲಿ ಇಟ್ಟ ಮಟ್ಟ ಜನ ತುಂಬಿದ ಮೇಲೆ ಸರಿಹೋಗುವುದಿಲ್ಲ. ಜನರ ಮೈ, ಬಟ್ಟೆ ಹೈ ಸ್ವರಗಳನ್ನು ಹೀರುತ್ತವೆ. ಮೊದಲ ಹಾಡಿನಲ್ಲಿ ಯಾರಾದರೂ ಹಿಂದಿನ ಸಾಲಿಗೆ ಹೋಗಿ ಕೇಳಿ ಬಂದು ತಿದ್ದಿಸಬೇಕು. ತೆರೆದ ಬಯಲಿನ ಕಾರ್ಯಕ್ರಮವಾದರೆ 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ಸೌಂಡ್ ಚೆಕ್ ಅನ್ನು ಬೇಗ ಮುಗಿಸಿಕೊಳ್ಳಿ.

ಗುಂಯ್ ಎನ್ನುವ ಸದ್ದು, ಮತ್ತು ಜೀವದ ಮಾತು

ನಮ್ಮ ಕರೆಂಟು 50 ಹರ್ಟ್ಜ್. ನಿಲ್ಲದೆ ಗುಂಯ್‌ಗುಡುವುದು ಅದೇ 50 ಮತ್ತು ಅದರ ಎರಡು, ಮೂರು ಪಟ್ಟಾದ 100, 150. ಎರಡು ಸಲಕರಣೆಗಳು ಬೇರೆ ಬೇರೆ ಪ್ಲಗ್‌ಗಳಿಂದ ಅರ್ಥ್ ಪಡೆದಾಗ ಗ್ರೌಂಡ್ ಲೂಪ್ ಆಗಿ ಇದು ಬರುತ್ತದೆ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಬಹುತೇಕ ಹೋಗುತ್ತದೆ. ಲ್ಯಾಪ್‌ಟಾಪ್‌ನಿಂದ ಟ್ರ್ಯಾಕ್ ನುಡಿಸುತ್ತಿದ್ದರೆ ಅದರ ಚಾರ್ಜರ್ ಕಿತ್ತು ನೋಡಿ. ಕೇಬಲ್ ಅಲ್ಲಾಡಿಸಿದಾಗ ಮಾತ್ರ ಕರಕರ ಎಂದರೆ ಜಾಕ್ ಸಡಿಲ ಅಥವಾ ಬೆಸುಗೆ ಬಿಟ್ಟಿದೆ. ಆದ್ದರಿಂದ ಒಂದು ಕೇಬಲ್, ಒಂದು ಹೊಸ 9 ವೋಲ್ಟ್ ಬ್ಯಾಟರಿ ಚೀಲದಲ್ಲಿ ಹೆಚ್ಚುವರಿ ಇರಬೇಕು.

ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು, ಮೂರು ಪಿನ್ನಿನದಕ್ಕೆ ಎರಡು ಪಿನ್ ಅಡಾಪ್ಟರ್ ಹಾಕುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಒಂದು ಸಲಕರಣೆಯಲ್ಲಿ ಕರೆಂಟ್ ಸೋರಿದರೆ ಅದು ಕೇಬಲ್ಲಿನ ಜಾಲರಿಯ ಮೂಲಕ ಮೈಕಿನ ಲೋಹದ ತಲೆಗೋ ಗಿಟಾರಿನ ಜಾಕಿಗೋ ಬರುತ್ತದೆ. ಕೈ ಗಿಟಾರ್ ಮೇಲೆ, ತುಟಿ ಮೈಕಿನ ಮೇಲೆ. ಎರಡರ ನಡುವೆ ವೋಲ್ಟೇಜ್ ಇದ್ದರೆ ದಾರಿ ದೇಹದ ಮೂಲಕ. ಮಳೆಗಾಲದ ಒದ್ದೆ ಶಾಮಿಯಾನದಲ್ಲಿ, ಜನರೇಟರ್ ಮೇಲೆ ನಡೆಯುವ ಕಡೆ ಇದು ಇನ್ನೂ ಅಪಾಯ. ಮಿಕ್ಸರ್, ಸ್ಪೀಕರ್, ಗಿಟಾರ್ ಆಂಪ್ ಎಲ್ಲಕ್ಕೂ ಅರ್ಥ್ ಇರುವ ಒಂದೇ ಪಾಯಿಂಟಿನಿಂದ ಕರೆಂಟ್ ತೆಗೆದುಕೊಳ್ಳಿ, ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂದು ಕೇಳಿ. ಮೈಕ್ ಮುಟ್ಟಿದಾಗ ತುಟಿ ಅಥವಾ ಬೆರಳು ಚುರುಗುಟ್ಟಿದರೆ ಹಾಡು ಮುಂದುವರಿಸಬೇಡಿ. ಮೇನ್ ಆಫ್ ಮಾಡಿಸಿ, ಯಾವ ಪ್ಲಗ್ಗಿನಲ್ಲಿ ಅರ್ಥ್ ಇಲ್ಲವೆಂದು ಎಲೆಕ್ಟ್ರಿಷಿಯನ್ ಕಂಡುಹಿಡಿದು ಸರಿಪಡಿಸಿದ ಮೇಲೆಯೇ ಮತ್ತೆ ಚಾಲೂ ಮಾಡಬೇಕು.